ಯಾವ ಕಡೆ ಮನೆ ಮಾಡೋಣ?



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದಾರೆ. ಇದಕ್ಕೆ ನಾವು ಇನ್ನೊಂದು ಮಾತು ಸೇರಿಸಬಹುದು. ಹುಟ್ಟಿದ ಊರು ಬಿಟ್ಟು ಬೇರೆ ಕಡೆ ಸಂಸಾರ ಹೂಡಿ ನೋಡು. ಅದೂ ಕಷ್ಟದ ಕೆಲಸವೇ.

ಮಳೆ ಕೈಕೊಟ್ಟಾಗ ನಮ್ಮಲ್ಲಿ ಎಷ್ಟೋ ಜನ ಪಟ್ಟಣ ಸೇರುತ್ತಾರೆ. ಮೊದಲು ಗಂಡಸರು ಹೋಗುತ್ತಾರೆ. ನಾಲ್ಕು ಜನ ಸೇರಿ ಒಂದು ರೂಮು ಮಾಡುತ್ತಾರೆ. ಆಮೇಲೆ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಬರಬೇಕು. ಆಗ ಮನೆ ಬೇಕು. ಎಲ್ಲಿ ಮಾಡೋದು? ಯಾವ ಕಡೆ ಮಾಡೋದು?

ಬಹಳ ಜನ ಒಂದೇ ಪ್ರಶ್ನೆ ಕೇಳುತ್ತಾರೆ. "ಬಾಡಿಗೆ ಎಷ್ಟು?" ಅದು ಬೇಕಾದ ಪ್ರಶ್ನೆಯೇ. ಆದರೆ ಅದೊಂದೇ ಸಾಲದು. ಬೇರೆ ಏನೇನು ಕೇಳಬೇಕು? ಬನ್ನಿ, ಈ ಪಾಠದಲ್ಲಿ ನೋಡೋಣ. ಕೈಯಲ್ಲಿ ಒಂದು ಪೆನ್ಸಿಲು, ಒಂದು ಹಾಳೆ ಇಟ್ಟುಕೊಳ್ಳಿ.

ಒಂದು ಸಂಸಾರದ ಕಥೆ

ಪಾಠಕ್ಕಾಗಿ ಒಂದು ಸಂಸಾರ ಇದೆ ಅಂತ ಇಟ್ಟುಕೊಳ್ಳೋಣ. ಊರು ತುಮಕೂರು ಜಿಲ್ಲೆಯ ಪಾವಗಡದ ಕಡೆ. ಅದು ಮಳೆ ಕಡಿಮೆ ಇರುವ ಸೀಮೆ. ಯಜಮಾನ ಹನುಮಂತಪ್ಪ. ಹೆಂಡತಿ ಲಕ್ಷ್ಮಮ್ಮ. ತಾಯಿ ಈರಮ್ಮ. ಮಗಳು ಪವಿತ್ರ, 7ನೇ ತರಗತಿ ಮುಗಿಸಿದ್ದಾಳೆ. ಮಗ ಮಂಜು, 2ನೇ ತರಗತಿ.

ಹನುಮಂತಪ್ಪನಿಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ. ಪೀಣ್ಯ ದೊಡ್ಡ ಕೈಗಾರಿಕಾ ಪ್ರದೇಶ. ಅಲ್ಲಿ ಅವನು ಮೂರು ವರ್ಷದಿಂದ ದುಡಿಯುತ್ತಿದ್ದಾನೆ. ಲಕ್ಷ್ಮಮ್ಮ ಊರಿನಲ್ಲಿ ಹೊಲಿಗೆ ಕಲಿತಿದ್ದಾಳೆ. ಸಾಕ್ಷರತಾ ಕೇಂದ್ರದಲ್ಲಿ ಓದು ಬರಹ, ಲೆಕ್ಕ ಕಲಿತಿದ್ದಾಳೆ. ಅವಳ ತಂಗಿ ಗೌರಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. "ಅಕ್ಕಾ, ನಮ್ಮ ಫ್ಯಾಕ್ಟರೀಲಿ ನಿಂಗೂ ಕೆಲ್ಸ ಸಿಗ್ತದೆ, ಬಾ" ಅಂತ ಗೌರಿ ಫೋನು ಮಾಡಿದ್ದಾಳೆ.

ಪೀಣ್ಯದ ಹತ್ತಿರವೇ ಮನೆ ಹುಡುಕಿದರು. ಐದು ಜನಕ್ಕೆ ಸಾಕಾಗುವ ಮನೆಯ ಬಾಡಿಗೆ ಕೈಗೆ ಎಟುಕಲಿಲ್ಲ. ಕೊನೆಗೆ ಎರಡು ಕಡೆ ಮನೆ ಸಿಕ್ಕಿತು. ಒಂದು ನೆಲಮಂಗಲ. ಇನ್ನೊಂದು ಕೆಂಗೇರಿ.

ಎರಡೂ ಬೆಳೆಯುತ್ತಿರುವ ಊರು

ನೆಲಮಂಗಲ ತುಮಕೂರು ರಸ್ತೆಯಲ್ಲಿದೆ. ಅದು ತಾಲ್ಲೂಕು ಕೇಂದ್ರ. ಮಂಗಳೂರು ಕಡೆಗೆ ಹೋಗುವ ಹೆದ್ದಾರಿ ಇಲ್ಲೇ ಕವಲಾಗುತ್ತದೆ. ಹಾಸನದ ರೈಲು ದಾರಿಯೂ ಇಲ್ಲಿ ಹಾದು ಹೋಗುತ್ತದೆ. ಆಚೆ ಡಾಬಸ್‌ಪೇಟೆಯಲ್ಲಿ ಕೈಗಾರಿಕೆಗಳು ಬಂದಿವೆ. ಸುತ್ತ ಹೊಸ ಹೊಸ ಬಡಾವಣೆಗಳು ಏಳುತ್ತಿವೆ. ನಮ್ಮ ಮೆಟ್ರೊ ತುಮಕೂರು ರಸ್ತೆಯಲ್ಲಿ ಮಾದಾವರದವರೆಗೆ ಬಂದದ್ದು 2024ರ ನವೆಂಬರಿನಲ್ಲಿ. ಮಾದಾವರದಿಂದ ನೆಲಮಂಗಲಕ್ಕೆ ಬಸ್ಸೇ ಹಿಡಿಯಬೇಕು.

ಕೆಂಗೇರಿ ಮೈಸೂರು ರಸ್ತೆಯಲ್ಲಿದೆ. ಹಿಂದೆ ಅದಕ್ಕೆ ಅದರದೇ ಪುರಸಭೆ ಇತ್ತು. 2007ರಲ್ಲಿ ಅದು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರಲ್ಲಿ ಆ ದೊಡ್ಡ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಮಾಡಿದರು. ಕೆಂಗೇರಿಯಲ್ಲಿ ರೈಲು ನಿಲ್ದಾಣ ಇದೆ, ದೊಡ್ಡ ಬಸ್ ನಿಲ್ದಾಣ ಇದೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೂಡ ಬಂತು.

ಈಗ ಹೇಳಿ. ಯಾವುದು ಒಳ್ಳೆಯ ಊರು? ಹಾಗೆ ಕೇಳಿದರೆ ಉತ್ತರ ಇಲ್ಲ. "ನಮ್ಮ ಸಂಸಾರಕ್ಕೆ ಯಾವುದು ಒಳ್ಳೆಯದು?" ಅಂತ ಕೇಳಬೇಕು. ಆಗ ಉತ್ತರ ಸಿಗುತ್ತದೆ.

ಮೊದಲ ಲೆಕ್ಕ: ಹಣ

ಹನುಮಂತಪ್ಪ ಊರಿಗೆ ಬಂದ. ರಾತ್ರಿ ಊಟ ಆಯಿತು. ಎಲ್ಲರೂ ಜಗಲಿ ಮೇಲೆ ಕೂತರು.

"ನೆಲಮಂಗಲವೇ ಸರಿ ಕಣವ್ವ" ಅಂದ ಹನುಮಂತಪ್ಪ. "ಬಾಡಿಗೆ ಆರು ಸಾವಿರ. ಕೆಂಗೇರೀಲಿ ಎಂಟೂವರೆ ಸಾವಿರ. ನೆಲಮಂಗಲದಿಂದ ಪೀಣ್ಯಕ್ಕೆ ನೇರ ರಸ್ತೆ. ಊರಿಗೆ ಬರೋಕೂ ಹತ್ರ. ಯೋಚನೆ ಮಾಡೋದೇನೈತೆ?"

"ಸ್ವಲ್ಪ ತಾಳ್ರಿ" ಅಂದಳು ಲಕ್ಷ್ಮಮ್ಮ. "ಬರೆದು ನೋಡೋಣ. ಬಾಯಲ್ಲಿ ಲೆಕ್ಕ ಮಾಡಿದ್ರೆ ಅರ್ಧ ಮರೆತು ಹೋಗ್ತದೆ."

ಅವಳು ಹಾಳೆ ತಂದಳು. ನಡುವೆ ಒಂದು ಗೆರೆ ಎಳೆದಳು. ಒಂದು ಕಡೆ ನೆಲಮಂಗಲ, ಒಂದು ಕಡೆ ಕೆಂಗೇರಿ. ಕೇಳಿ ಕೇಳಿ ಒಂದೊಂದೇ ಬರೆದಳು. ಇಲ್ಲಿರುವ ಅಂಕಿ ಲೆಕ್ಕ ಕಲಿಯಲು ನಾವು ಇಟ್ಟುಕೊಂಡದ್ದು. ನಿಮ್ಮ ಬಾಡಿಗೆ, ನಿಮ್ಮ ಖರ್ಚು ನೀವೇ ಕೇಳಿ ಬರೆಯಿರಿ.

ತಿಂಗಳ ಖರ್ಚು, ರೂಪಾಯಿಗಳಲ್ಲಿ:

ಮನೆ ಬಾಡಿಗೆ: ನೆಲಮಂಗಲ 6,000. ಕೆಂಗೇರಿ 8,500.
ಬಸ್ ಪಾಸು: ನೆಲಮಂಗಲ 1,200. ಕೆಂಗೇರಿ 1,200.
ಮನೆಯಿಂದ ಬಸ್ ನಿಲ್ದಾಣಕ್ಕೆ ಆಟೊ: ನೆಲಮಂಗಲ 520. ಕೆಂಗೇರಿ ಇಲ್ಲ.
ನೀರು: ನೆಲಮಂಗಲ 600. ಕೆಂಗೇರಿ 200.
ಒಟ್ಟು: ನೆಲಮಂಗಲ 8,320. ಕೆಂಗೇರಿ 9,900.

ನೋಡಿದಿರಾ? ಬಾಡಿಗೆ ಒಂದನ್ನೇ ನೋಡಿದಾಗ ವ್ಯತ್ಯಾಸ 2,500 ರೂಪಾಯಿ ಇತ್ತು. ಎಲ್ಲ ಖರ್ಚು ಬರೆದ ಮೇಲೆ ವ್ಯತ್ಯಾಸ 1,580ಕ್ಕೆ ಇಳಿಯಿತು. ನೆಲಮಂಗಲದ ಮನೆ ಇರುವುದು ಹೊಸ ಬಡಾವಣೆಯಲ್ಲಿ. ಬಸ್ ನಿಲ್ದಾಣದಿಂದ ಮೂರು ಕಿಲೋಮೀಟರ್ ಒಳಗೆ. ಆಟೊ ಖರ್ಚು ಬಂದದ್ದು ಅದಕ್ಕೆ.

ಲಕ್ಷ್ಮಮ್ಮನ ಬಸ್ ಖರ್ಚು ಪಟ್ಟಿಯಲ್ಲಿ ಯಾಕಿಲ್ಲ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಇಲ್ಲ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ಮೆಟ್ರೊಗೆ ಇದು ಅನ್ವಯಿಸುವುದಿಲ್ಲ. ಮೆಟ್ರೊ ಬೇಗ ಹೋಗುತ್ತದೆ, ಆದರೆ ಖರ್ಚು ಹೆಚ್ಚು. 2025ರ ಫೆಬ್ರುವರಿಯಲ್ಲಿ ದರ ಏರಿದಾಗ ಅತಿ ದೂರದ ಟಿಕೆಟ್ 90 ರೂಪಾಯಿ ಆಯಿತು. ದಿನಾ ಹೋಗಿ ಬರುವವರು ಇದನ್ನು ಲೆಕ್ಕ ಹಾಕಲೇಬೇಕು.

"ನೋಡು, ಆದ್ರೂ ನೆಲಮಂಗಲವೇ ಅಗ್ಗ" ಅಂದ ಹನುಮಂತಪ್ಪ. ಅವನ ಮಾತು ಸುಳ್ಳಲ್ಲ.

ಎರಡನೆಯ ಲೆಕ್ಕ: ಗಂಟೆ

"ಹಣ ಬರೆದಾಯ್ತು. ಈಗ ಹೊತ್ತು ಬರೀಬೇಕು" ಅಂದಳು ಲಕ್ಷ್ಮಮ್ಮ.

"ಹೊತ್ತಿಗೆಂಥ ಲೆಕ್ಕ?" ಅಂದ ಹನುಮಂತಪ್ಪ.

ಅಕ್ಕ ತಂಗಿಯರೆ, ಇಲ್ಲೇ ನಾವು ಬಹಳ ಜನ ತಪ್ಪುವುದು. ಕೈಯಿಂದ ಹೋಗುವ ರೂಪಾಯಿ ಕಣ್ಣಿಗೆ ಕಾಣುತ್ತದೆ. ಬಸ್ಸಿನಲ್ಲಿ ಹೋಗುವ ಗಂಟೆ ಕಾಣುವುದಿಲ್ಲ. ಆದರೆ ದುಡಿಯುವ ಹೆಂಗಸಿಗೆ ಒಂದು ಗಂಟೆ ಅಂದರೆ ಒಂದು ಹೊತ್ತಿನ ಅಡುಗೆ. ಓದುವ ಮಗುವಿಗೆ ಒಂದು ಗಂಟೆ ಅಂದರೆ ಒಂದು ಪಾಠ.

ಲಕ್ಷ್ಮಮ್ಮ ಬರೆದಳು. ದಿನಕ್ಕೆ ಹೋಗಿ ಬರುವ ಹೊತ್ತು, ಗಂಟೆಗಳಲ್ಲಿ:

ಹನುಮಂತಪ್ಪ, ಪೀಣ್ಯಕ್ಕೆ: ನೆಲಮಂಗಲದಿಂದ 2. ಕೆಂಗೇರಿಯಿಂದ 3.
ಲಕ್ಷ್ಮಮ್ಮ, ಮೈಸೂರು ರಸ್ತೆಗೆ: ನೆಲಮಂಗಲದಿಂದ 4½. ಕೆಂಗೇರಿಯಿಂದ 1.
ಪವಿತ್ರ, ಹೈಸ್ಕೂಲಿಗೆ: ನೆಲಮಂಗಲದ ಮನೆಯಿಂದ 1½. ಕೆಂಗೇರಿಯ ಮನೆಯಿಂದ ½.
ಒಟ್ಟು: ನೆಲಮಂಗಲ 8. ಕೆಂಗೇರಿ 4½.

ದಿನಕ್ಕೆ ಮೂರೂವರೆ ಗಂಟೆ ವ್ಯತ್ಯಾಸ. ತಿಂಗಳಿಗೆ 26 ದಿನ ಕೆಲಸ. 26ನ್ನು 3½ರಿಂದ ಗುಣಿಸಿ. 91 ಗಂಟೆ! ಒಂದು ತಿಂಗಳಲ್ಲಿ 91 ಗಂಟೆ ದಾರಿಯಲ್ಲೇ ಕಳೆದು ಹೋಗುತ್ತದೆ.

"ಅಷ್ಟು ದೂರ ಹೋಗಬೇಡ ಬಿಡು. ಪೀಣ್ಯದ ಕಡೇಲೂ ಗಾರ್ಮೆಂಟ್ಸ್ ಐತಲ್ಲ" ಅಂದ ಹನುಮಂತಪ್ಪ.

ಒಳ್ಳೆಯ ಮಾತು. ಇದನ್ನೂ ಕೇಳಿ ತಿಳಿಯಬೇಕು. ಮುಂದಿನ ವಾರ ಅವನು ಪೀಣ್ಯದಲ್ಲಿ ನಾಲ್ಕು ಕಡೆ ವಿಚಾರಿಸಿದ. ಆಗ ಎಲ್ಲೂ ಕೆಲಸ ಖಾಲಿ ಇರಲಿಲ್ಲ. ಮೈಸೂರು ರಸ್ತೆಯ ಕೆಲಸ ಮಾತ್ರ ಕೈಯಲ್ಲಿತ್ತು. ಸಂಬಳ 12,000 ಅಂತ ಇಟ್ಟುಕೊಳ್ಳೋಣ. 1,580 ರೂಪಾಯಿ ಉಳಿಸಲು ಹೋಗಿ 12,000 ರೂಪಾಯಿ ಬಿಡುವುದೇ? ಬಿಡದೆ ಹೋದರೆ ದಿನಾ ನಾಲ್ಕೂವರೆ ಗಂಟೆ ಬಸ್ಸಿನಲ್ಲಿ ನಿಲ್ಲುವುದೇ?

ಅಷ್ಟರಲ್ಲಿ ಪವಿತ್ರ ಮೆಲ್ಲಗೆ ಕೇಳಿದಳು. "ಅವ್ವಾ, ನೀನು ಬೆಳಗಾಗೋಕೆ ಮುಂಚೆ ಹೋಗಿ ರಾತ್ರಿ ಬಂದ್ರೆ, ಮಂಜೂನ್ನ ಯಾರು ನೋಡ್ಕೊಳ್ತಾರೆ? ಅಜ್ಜಿಗೆ ಯಾರು ಅಡುಗೆ ಮಾಡ್ತಾರೆ?"

ಯಾರೂ ಮಾತಾಡಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಪವಿತ್ರಳೇ ನೋಡಿಕೊಳ್ಳಬೇಕು. ಮೊದಲು ವಾರಕ್ಕೆ ಒಂದು ದಿನ ಶಾಲೆ ತಪ್ಪುತ್ತದೆ. ಆಮೇಲೆ ಮೂರು ದಿನ. ಆಮೇಲೆ "ಇನ್ನೇನು, ಬಿಡಿಸಿಬಿಡೋಣ" ಅನ್ನುವ ಮಾತು ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳ ಓದು ನಿಂತದ್ದು ಹೀಗೇ. ಯಾರೂ ಬೇಕು ಅಂತ ನಿಲ್ಲಿಸುವುದಿಲ್ಲ. ಮನೆ ಮಾಡಿದ ಜಾಗವೇ ನಿಲ್ಲಿಸಿಬಿಡುತ್ತದೆ.

ಹೋಗಿ ನೋಡಿ ಬಂದರು

ಹಾಳೆಯ ಲೆಕ್ಕ ಅರ್ಧ. ಕಣ್ಣಾರೆ ನೋಡುವುದು ಇನ್ನರ್ಧ. ಗಂಡ ಹೆಂಡತಿ ಇಬ್ಬರೂ ಎರಡು ಕಡೆಗೂ ಹೋದರು. ಈರಮ್ಮನೂ ಹಟ ಮಾಡಿ ಜೊತೆಗೆ ಬಂದಳು. "ಮನೇಲಿ ಇಡೀ ದಿನ ಇರೋಳು ನಾನು. ನಾನು ನೋಡಬೇಡ್ವಾ?" ಅಂದಳು. ಅದು ನ್ಯಾಯದ ಮಾತು.

ನೆಲಮಂಗಲದ ಮನೆ ದೊಡ್ಡದು. ಗಾಳಿ ಬೆಳಕು ಚೆನ್ನಾಗಿತ್ತು. ಮುಂದೆ ನಾಲ್ಕು ಗಿಡ ಹಾಕಲು ಜಾಗ ಇತ್ತು. ಗಲಾಟೆ ಇರಲಿಲ್ಲ. ಈರಮ್ಮನಿಗೆ ಮನೆ ಹಿಡಿಸಿತು. ಆದರೆ ಅವಳು ಮೊದಲು ಕೇಳಿದ್ದು ನೀರಿನ ಮಾತು.

"ನೀರು ಎಲ್ಲಿಂದ ಬರ್ತದಪ್ಪ?"

"ಬೋರಿಂದು ಅಜ್ಜಿ. ಮೂರು ದಿನಕ್ಕೊಂದ್ಸಲ ಬಿಡ್ತೀವಿ. ಬೇಸಿಗೇಲಿ ಟ್ಯಾಂಕರ್ ತರಿಸ್ಕೋಬೇಕು" ಅಂದರು ಪಕ್ಕದ ಮನೆಯವರು.

ಈರಮ್ಮ ತನ್ನ ಮಂಡಿ ನೀವಿಕೊಂಡಳು. ಪಾವಗಡದ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಗಂಟುಗಳು ಬಿಗಿಯುತ್ತವೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು. ಇದು ನೋಡಿದರೆ ಗೊತ್ತಾಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡಿಸಬೇಕು. ಎಲ್ಲ ಬೋರ್ ನೀರೂ ಕೆಟ್ಟದ್ದಲ್ಲ. ಪರೀಕ್ಷೆ ಆಗಿದೆಯೇ ಅಂತ ಕೇಳುವುದು ನಮ್ಮ ಕೆಲಸ.

ಬೋರನ್ನೇ ನಂಬಿದರೆ ಇನ್ನೊಂದು ಅಪಾಯ ಉಂಟು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ದೊಡ್ಡ ಬರ ಬಂತು. ನಗರದ ಸುಮಾರು 13,900 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ನೀರಿನ ಐದನೇ ಹಂತ ಆರಂಭವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲು ಅದನ್ನು ಮಾಡಿದರು. ಆದರೆ ಪೈಪು ಬೀದಿಗೆ ಬಂದರೆ ಸಾಲದು. ನೀವು ಹೋಗುವ ಮನೆಗೆ ಸಂಪರ್ಕ ಇದೆಯೇ? ವಾರಕ್ಕೆ ಎಷ್ಟು ದಿನ ಬರುತ್ತದೆ? ಕೇಳಿ. ಮನೆಯವರನ್ನು ಕೇಳುವುದಕ್ಕಿಂತ ಪಕ್ಕದ ಮನೆಯ ಹೆಂಗಸರನ್ನು ಕೇಳಿ.

ಸಂಜೆ ಏಳು ಗಂಟೆಗೆ ನೆಲಮಂಗಲದ ಮನೆಯಿಂದ ಹೊರಟರು. ಬಡಾವಣೆಯ ದಾರಿಯಲ್ಲಿ ದೀಪ ಇರಲಿಲ್ಲ. ಆಟೊ ಸಿಗಲು ಬಹಳ ಹೊತ್ತು ಕಾಯಬೇಕಾಯಿತು. ಲಕ್ಷ್ಮಮ್ಮ ಏನೂ ಹೇಳಲಿಲ್ಲ. ಹನುಮಂತಪ್ಪನೇ ಹೇಳಿದ. "ಈ ದಾರೀಲಿ ನೀನೊಬ್ಳೇ ಬರ್ಬೇಕಾಗ್ತದೆ."

ಮಾರನೆಯ ದಿನ ಕೆಂಗೇರಿ ಮನೆ ನೋಡಿದರು. ಚಿಕ್ಕ ಮನೆ. ಒಂದು ಹಾಲು, ಒಂದು ರೂಮು, ಅಡುಗೆ ಮನೆ. ಕಾವೇರಿ ನೀರಿನ ನಲ್ಲಿ ಇತ್ತು. ಹೈಸ್ಕೂಲು ಹದಿನೈದು ನಿಮಿಷದ ನಡಿಗೆ. ಗೌರಿಯ ಮನೆ ಹಿಂದಿನ ಬೀದಿಯಲ್ಲೇ.

ಕೆಂಗೇರಿಯಲ್ಲೂ ಎಲ್ಲ ಸರಿ ಇರಲಿಲ್ಲ. ಮೊದಲು ಅವರಿಗೆ ತೋರಿಸಿದ ಮನೆ ವೃಷಭಾವತಿ ಹೊಳೆಯ ಹತ್ತಿರ ಇತ್ತು. ವೃಷಭಾವತಿ ಬೆಂಗಳೂರಿನಲ್ಲೇ ಹುಟ್ಟಿ ಮೈಸೂರು ರಸ್ತೆಯ ಪಕ್ಕ ಹರಿಯುತ್ತದೆ. ನಗರದ ಕೊಳಚೆ, ಕಾರ್ಖಾನೆಗಳ ಹೊಲಸು ಸೇರಿ ಆ ಹೊಳೆ ಕೆಟ್ಟಿದೆ. ಸಂಜೆ ಕಿಟಕಿ ತೆರೆದರೆ ವಾಸನೆ. ಮನೆ ತಗ್ಗಿನಲ್ಲಿತ್ತು. ಗೋಡೆಯ ಮೇಲೆ ಮೊಳಕಾಲುದ್ದ ನೀರಿನ ಕಲೆ ಇತ್ತು. ಈರಮ್ಮ ಆ ಕಲೆಗೆ ಬೆರಳು ಮಾಡಿ ತೋರಿಸಿದಳು. "ಮಳೇಲಿ ಇಲ್ಲಿಗಂಟ ನೀರು ಬಂದೈತೆ ಕಣಪ್ಪ." ಆ ಮನೆ ಬಿಟ್ಟರು. ಎತ್ತರದ ಬೀದಿಯಲ್ಲಿ ಈ ಚಿಕ್ಕ ಮನೆ ಹುಡುಕಿದರು.

ಅದಕ್ಕೇ ನಾವು ಹೇಳುವುದು: ಮನೆಯನ್ನು ಮೂರು ಹೊತ್ತು ನೋಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ನೋಡಿ, ಬಸ್ಸಿನ ನೂಕುನುಗ್ಗಲು ತಿಳಿಯುತ್ತದೆ. ಕತ್ತಲಾದ ಮೇಲೆ ನೋಡಿ, ದಾರಿದೀಪ ತಿಳಿಯುತ್ತದೆ. ಆದರೆ ಮಳೆ ಬಂದಾಗಲೂ ನೋಡಿ. ಆಗದಿದ್ದರೆ ಗೋಡೆಯ ಕಲೆ ನೋಡಿ.

ಶಾಲೆ

ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕು ಇದೆ. ಊರು ಬದಲಾದರೆ ಬೇರೆ ಸರ್ಕಾರಿ ಶಾಲೆಗೆ ಸೇರಬಹುದು. ಹಳೆ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಇದನ್ನೇ ನಾವು ಟಿ.ಸಿ. ಅನ್ನುವುದು. ಟಿ.ಸಿ. ಬರುವುದು ತಡವಾಯಿತು ಅಂತ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. 8ನೇ ತರಗತಿವರೆಗೆ ಈ ಹಕ್ಕು ಇದೆ. ಇದನ್ನು ನೆನಪಿಡಿ. ಧೈರ್ಯವಾಗಿ ಕೇಳಿ.

ಆದರೂ ಮೊದಲೇ ಟಿ.ಸಿ. ತೆಗೆದುಕೊಳ್ಳುವುದು ಒಳ್ಳೆಯದು. ಬೇಸಿಗೆ ರಜೆಯಲ್ಲಿ ಊರು ಬದಲಾಯಿಸಿದರೆ ಮಕ್ಕಳ ಪಾಠ ತಪ್ಪುವುದಿಲ್ಲ.

ಆಸ್ಪತ್ರೆ, ಪಡಿತರ, ಕರೆಂಟು

ಈರಮ್ಮನಿಗೆ ಬಿ.ಪಿ. ಮಾತ್ರೆ ತಿಂಗಳು ತಿಂಗಳು ಬೇಕು. ಸರ್ಕಾರಿ ಆಸ್ಪತ್ರೆ ಎಲ್ಲಿದೆ ಅಂತ ಎರಡು ಕಡೆಯೂ ಕೇಳಿದರು. ನೆಲಮಂಗಲದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅದು ದೊಡ್ಡ ಅನುಕೂಲ. ಆದರೆ ಆ ಮನೆಯಿಂದ ಆಸ್ಪತ್ರೆಗೆ ಹೋಗಲು ಆಟೊ ಬೇಕು. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಕೇಳದೆ ಇರಬಾರದು. ರಾತ್ರಿ ಹೊತ್ತು ತುರ್ತು ಬಂದರೆ 108ಕ್ಕೆ ಫೋನು ಮಾಡಿ. ಆಂಬುಲೆನ್ಸ್ ಬರುವಷ್ಟು ರಸ್ತೆ ಇದೆಯೇ? ಅದನ್ನೂ ನೋಡಿ.

ಪಡಿತರ ಚೀಟಿ ಊರಿನದೇ ಇದ್ದರೂ ಚಿಂತೆ ಇಲ್ಲ. ಹೊಸ ಜಾಗದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡಿತರ ತೆಗೆದುಕೊಳ್ಳಬಹುದು.

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. ಅದು ಬಾಡಿಗೆ ಮನೆಯವರಿಗೂ ಇದೆ. ಆದರೆ ನಿಮ್ಮ ಮನೆಗೆ ಬೇರೆ ಮೀಟರ್ ಇದೆಯೇ ನೋಡಿ. ಮೀಟರಿಗೆ ಒಂದು ಆರ್.ಆರ್. ನಂಬರ್ ಇರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಅದನ್ನು ಓದಿ. ಮೂರು ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಕರೆಂಟಿನ ಹಣ ಹೇಗೆ ಹಂಚುತ್ತೀರಿ ಅಂತ ಮೊದಲೇ ಕೇಳಿ.

ತೀರ್ಮಾನ

ಮತ್ತೆ ಎಲ್ಲರೂ ಜಗಲಿ ಮೇಲೆ ಕೂತರು. ಹಾಳೆ ನಡುವೆ ಇತ್ತು. ಹನುಮಂತಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಕೆಂಗೇರಿಗೆ ಹೋದರೆ ಕಷ್ಟ ಹೆಚ್ಚುವುದು ಅವನಿಗೇ. ದಿನಾ ಒಂದು ಗಂಟೆ ಹೆಚ್ಚು ಬಸ್ಸಿನಲ್ಲಿ ಕೂರಬೇಕು.

ಕೊನೆಗೆ ಹೇಳಿದ. "ನಂದು ಒಂದು ಗಂಟೆ ಹೋದ್ರೆ ಹೋಗ್ಲಿ. ಮಗಳ ಓದು ಹೋಗಬಾರ್ದು. ಕೆಂಗೇರಿಗೇ ಹೋಗೋಣ."

ಪವಿತ್ರ ಹಾಳೆಯನ್ನು ಮಡಿಚಿ ತನ್ನ ಪುಸ್ತಕದಲ್ಲಿ ಇಟ್ಟುಕೊಂಡಳು.

ಹಾಗಾದರೆ ಎಲ್ಲರೂ ಕೆಂಗೇರಿಗೆ ಹೋಗಬೇಕೇ? ಇಲ್ಲ. ಲಕ್ಷ್ಮಮ್ಮನ ಕೆಲಸ ಪೀಣ್ಯದಲ್ಲೋ ಡಾಬಸ್‌ಪೇಟೆಯಲ್ಲೋ ಇದ್ದಿದ್ದರೆ? ನೆಲಮಂಗಲದ ಮನೆ ಬಸ್ ನಿಲ್ದಾಣದ ಹತ್ತಿರ, ಪಟ್ಟಣದ ಒಳಗೇ ಇದ್ದಿದ್ದರೆ? ಆಗ ಬಾಡಿಗೆಯೂ ಕಡಿಮೆ, ಹೊತ್ತೂ ಕಡಿಮೆ, ಆಸ್ಪತ್ರೆಯೂ ಹತ್ತಿರ. ನೆಲಮಂಗಲವೇ ಸರಿಯಾದ ಉತ್ತರ. ಪಟ್ಟಿ ಒಂದೇ. ಉತ್ತರ ಮನೆಮನೆಗೆ ಬೇರೆ. ಹಾಗಾಗಿ ಬೇರೆಯವರು ಹೋದರು ಅಂತ ನಾವೂ ಹೋಗುವುದಲ್ಲ. ನಮ್ಮ ಪಟ್ಟಿ ನಾವು ಬರೆಯಬೇಕು.

ಸಹಿ ಹಾಕುವ ಮುಂಚೆ

ಕೆಂಗೇರಿ ಮನೆಯವರು ಅಡ್ವಾನ್ಸ್ 60,000 ಕೇಳಿದರು. ಇವರ ಹತ್ತಿರ 40,000 ಇತ್ತು. ಲಕ್ಷ್ಮಮ್ಮ ವಿನಯವಾಗಿ ಕೇಳಿದಳು. "ಅಮ್ಮಾ, 50,000 ಮಾಡ್ಕೊಳ್ಳಿ. ಈಗ 40,000 ಕೊಡ್ತೀವಿ. ಉಳಿದದ್ದು ಎರಡು ತಿಂಗಳಲ್ಲಿ ಕೊಡ್ತೀವಿ." ಮನೆಯವರು ಒಪ್ಪಿದರು. ಕೇಳಿದರೆ ತಪ್ಪೇನಿಲ್ಲ. ಕೇಳದೆ ಹೆಚ್ಚು ಬಡ್ಡಿಗೆ ಸಾಲ ಮಾಡುವುದು ತಪ್ಪು. ಉಳಿದ 10,000ವನ್ನು ಲಕ್ಷ್ಮಮ್ಮ ತನ್ನ ಮಹಿಳಾ ಸಂಘದಿಂದ ಪಡೆದಳು.

ಆಮೇಲೆ ಕರಾರು ಪತ್ರ ಬಂತು. ಬ್ರೋಕರ್ "ಇಲ್ಲಿ ಸಹಿ ಹಾಕಮ್ಮ" ಅಂದ. ಲಕ್ಷ್ಮಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. "ಓದ್ತೀನಿ ತಾಳಣ್ಣ" ಅಂದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅರ್ಧ ಗಂಟೆ ಹಿಡಿಯಿತು. ಹಿಡಿಯಲಿ ಬಿಡಿ.

ಕರಾರು ಪತ್ರದಲ್ಲಿ ಇವು ಇರಬೇಕು:

1. ಮನೆಯವರ ಹೆಸರು, ಬಾಡಿಗೆದಾರರ ಹೆಸರು, ಮನೆಯ ವಿಳಾಸ.
2. ಬಾಡಿಗೆ ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು.
3. ಅಡ್ವಾನ್ಸ್ ಎಷ್ಟು. ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿರಬೇಕು.
4. ಮನೆ ಬಿಡುವಾಗ ಅಡ್ವಾನ್ಸ್ ಯಾವಾಗ ವಾಪಸು ಕೊಡುತ್ತಾರೆ, ಬಣ್ಣ ರಿಪೇರಿಗೆ ಎಷ್ಟು ಹಿಡಿಯುತ್ತಾರೆ.
5. ನೀರು, ಕರೆಂಟು ಹಣ ಯಾರು ಕೊಡಬೇಕು.
6. ಬಾಡಿಗೆ ಯಾವಾಗ, ಎಷ್ಟು ಹೆಚ್ಚುತ್ತದೆ.
7. ಮನೆ ಬಿಡಬೇಕಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು.

ಸಾಮಾನ್ಯವಾಗಿ ಕರಾರು 11 ತಿಂಗಳಿಗೆ ಇರುತ್ತದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ ಕಾನೂನು ಇದೆ. 11 ತಿಂಗಳು ಅಂತ ಬರೆಯುವುದು ಅದಕ್ಕೇ. ಅಡ್ವಾನ್ಸ್ ಕೊಟ್ಟಾಗ ರಸೀದಿ ಪಡೆಯಿರಿ. ಬ್ಯಾಂಕಿನ ಮೂಲಕ ಕೊಟ್ಟರೆ ಇನ್ನೂ ಒಳ್ಳೆಯದು, ದಾಖಲೆ ಉಳಿಯುತ್ತದೆ. ಕರಾರಿನ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.

ಇನ್ನೊಂದು ಎಚ್ಚರಿಕೆ. "ಬಾಡಿಗೆ ಬೇಡ, ನಾಲ್ಕು ಲಕ್ಷ ಒಂದೇ ಸಲ ಕೊಡಿ, ಮೂರು ವರ್ಷ ಇರಿ, ಹೋಗುವಾಗ ಹಣ ವಾಪಸು" ಅನ್ನುವವರು ಉಂಟು. ಇದನ್ನು ಭೋಗ್ಯ ಅನ್ನುತ್ತಾರೆ, ಲೀಸ್ ಅಂತಲೂ ಅನ್ನುತ್ತಾರೆ. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದರೆ, ಸಾಲ ತೀರದಿದ್ದರೆ, ಬ್ಯಾಂಕಿನವರು ಮನೆ ವಶ ಮಾಡಿಕೊಳ್ಳಬಹುದು. ಆಗ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಪತ್ರ ತಿಳಿದವರಿಗೆ ತೋರಿಸದೆ ಭೋಗ್ಯಕ್ಕೆ ಹಣ ಕೊಡಬೇಡಿ.

ಜೂನ್ ತಿಂಗಳಲ್ಲಿ ಪವಿತ್ರ ಹೊಸ ಶಾಲೆಗೆ ಸೇರಿದಳು. ಗೌರಿಯ ಮಗಳ ಜೊತೆ ನಡೆದು ಹೋಗುತ್ತಾಳೆ. ಹನುಮಂತಪ್ಪ ಬೆಳಿಗ್ಗೆ ಬೇಗ ಏಳುತ್ತಾನೆ. ಲಕ್ಷ್ಮಮ್ಮ ಸಂಜೆ ಆರೂವರೆಗೆ ಮನೆಯಲ್ಲಿರುತ್ತಾಳೆ. ಮನೆ ಚಿಕ್ಕದು ಅಂತ ಈರಮ್ಮ ಆಗಾಗ ಗೊಣಗುತ್ತಾಳೆ. ಗೊಣಗಲಿ. ನಲ್ಲಿ ನೀರು ಹಿಡಿಯುವಾಗ ಮಾತ್ರ ಸುಮ್ಮನಿರುತ್ತಾಳೆ.

ನಾವು ಓದು ಬರಹ ಕಲಿತದ್ದು ಯಾತಕ್ಕೆ? ಹೆಸರು ಬರೆಯುವುದಕ್ಕೆ ಮಾತ್ರ ಅಲ್ಲ. ನಮ್ಮ ಬಾಳಿನ ಲೆಕ್ಕ ನಾವೇ ಬರೆಯುವುದಕ್ಕೆ. ಆ ಲೆಕ್ಕದಲ್ಲಿ ಮನೆಯ ಎಲ್ಲರ ಹೆಸರೂ ಇರಲಿ.

ನೆನಪಿಡಿ

ಬಾಡಿಗೆ ಒಂದನ್ನೇ ನೋಡಬೇಡಿ. ಎಲ್ಲ ಖರ್ಚು ಬರೆಯಿರಿ.
ಹಣದ ಜೊತೆ ಗಂಟೆಯನ್ನೂ ಬರೆಯಿರಿ.
ಹೆಂಗಸರು, ಮಕ್ಕಳು, ವಯಸ್ಸಾದವರು, ಎಲ್ಲರನ್ನೂ ಕೇಳಿ.
ಮನೆಯನ್ನು ಹೋಗಿ ನೋಡಿ. ನೆರೆಯವರನ್ನು ವಿಚಾರಿಸಿ.
ಓದದೆ ಸಹಿ ಹಾಕಬೇಡಿ.

ಹೊಸ ಪದಗಳು

ಬಡಾವಣೆ: ಊರಿನ ಅಂಚಿನಲ್ಲಿ ಹೊಸದಾಗಿ ಮಾಡಿದ ಬೀದಿಗಳು, ಮನೆಗಳು.
ಕರಾರು ಪತ್ರ: ಇಬ್ಬರು ಒಪ್ಪಿ ಬರೆದುಕೊಂಡ ಪತ್ರ.
ವರ್ಗಾವಣೆ ಪತ್ರ: ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹೋಗಲು ಕೊಡುವ ಪತ್ರ.
ಭೋಗ್ಯ: ಬಾಡಿಗೆಯ ಬದಲು ದೊಡ್ಡ ಮೊತ್ತ ಕೊಟ್ಟು ಮನೆಯಲ್ಲಿ ಇರುವುದು.

ಅಭ್ಯಾಸ

1. ಈರಮ್ಮ ಎರಡು ಮನೆಗಳಲ್ಲಿ ಯಾವ ಯಾವ ವಿಷಯ ಗಮನಿಸಿದಳು?
2. ನೆಲಮಂಗಲದಿಂದ ಲಕ್ಷ್ಮಮ್ಮ ದಿನಾ ಹೋಗಿ ಬಂದರೆ 26 ದಿನಕ್ಕೆ ಎಷ್ಟು ಗಂಟೆ ದಾರಿಯಲ್ಲಿ ಕಳೆಯುತ್ತಾಳೆ? ಲೆಕ್ಕ ಮಾಡಿ.
3. ಟಿ.ಸಿ. ಇಲ್ಲ ಅಂತ 8ನೇ ತರಗತಿಗೆ ಮಗುವನ್ನು ಸೇರಿಸಿಕೊಳ್ಳದಿದ್ದರೆ ನೀವು ಏನು ಹೇಳುತ್ತೀರಿ?
4. ನಿಮ್ಮ ಊರಿನಿಂದ ಪಟ್ಟಣಕ್ಕೆ ಹೋದ ಒಂದು ಸಂಸಾರದ ಜೊತೆ ಮಾತಾಡಿ. ಅವರು ಮನೆ ಹೇಗೆ ಆರಿಸಿದರು? ಐದು ಸಾಲು ಬರೆಯಿರಿ.
5. ಗುಂಪಿನಲ್ಲಿ ಚರ್ಚಿಸಿ: ಮನೆ ಎಲ್ಲಿ ಮಾಡಬೇಕು ಅಂತ ತೀರ್ಮಾನಿಸುವಾಗ ಮಕ್ಕಳನ್ನು ಕೇಳಬೇಕೇ?